ಗೇಟಿಗೆ ತೂಗಿದ್ದ ಬೋರ್ಡು: ಜನಾಂಗಭೇದವನ್ನು ಓದಿ ತಿಳಿಯುವುದು, ನಮ್ಮೊಳಗೆ ಹುಡುಕುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಮಹಡಿ ಮೇಲೆ ಒಂದು ರೂಮಿದೆ. ಓದಲು ಬರುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಇಬ್ಬರು ಹುಡುಗಿಯರು ಗೇಟು ಬಡಿದರು. ಮಣಿಪುರದವರು. ಬೋರ್ಡು ನೋಡಿ ಬಂದಿದ್ದರು. ನಾನು ಬಾಗಿಲಲ್ಲೇ ನಿಂತು ಅವರ ಮುಖ ನೋಡಿದೆ. ಬಾಡಿಗೆ ಎಷ್ಟು ಎಂದು ಅವರು ಕೇಳುವ ಮೊದಲೇ "ರೂಮು ಕೊಟ್ಟಾಯ್ತು" ಎಂದುಬಿಟ್ಟೆ. ಸುಳ್ಳು ಹೇಳಿದೆ.

ಅವರು ಥ್ಯಾಂಕ್ಸ್ ಹೇಳಿ ಹೋದರು. ಮುಂದೆ ಹನ್ನೊಂದು ದಿನ ಆ ಬೋರ್ಡು ಗೇಟಿಗೇ ತೂಗುತ್ತಿತ್ತು. ಅದೇ ರಸ್ತೆಯಲ್ಲಿ ಆ ಹುಡುಗಿಯರು ದಿನಾ ಬೆಳಗ್ಗೆ ನಡೆದುಹೋಗುತ್ತಿದ್ದರು. ಒಂದು ಸಂಜೆ ಮಗಳು ಕೇಳಿದಳು: "ಅವ್ವಾ, ರೂಮ್ ಕೊಟ್ಟೇವಿ ಅಂದೆಲ್ಲ. ಮತ್ತ ಬೋರ್ಡ್ ಯಾಕ ತಗದಿಲ್ಲ?"

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನೆಲ್ಸನ್ ಮಂಡೇಲಾ 27 ವರ್ಷ ಜೈಲಿನಲ್ಲಿದ್ದ ಕತೆಯನ್ನು ಮಕ್ಕಳಿಗೆ ಕಣ್ಣು ತುಂಬಿಕೊಂಡು ಹೇಳಿದವಳು. ಮಗಳ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಆಮೇಲೆ ನಾನು ಓದಲು ಕೂತೆ. ನಾಲ್ವರು ಗೆಳತಿಯರು ಜೊತೆಯಾದರು. ಇಬ್ಬರು ಹುಬ್ಬಳ್ಳಿಯವರು, ಒಬ್ಬಳು ಗದಗಿನವಳು, ಇನ್ನೊಬ್ಬಳು ಹಾವೇರಿಯ ಕಡೆಯವಳು. ತಿಂಗಳಿಗೊಮ್ಮೆ ಸೇರುತ್ತೇವೆ. ಯಾವುದು ನಮಗೆ ಉಪಯೋಗಕ್ಕೆ ಬಂತು, ಎಲ್ಲಿ ದಾರಿ ತಪ್ಪಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವೂ ಶುರುಮಾಡಬಹುದು. ದುಡ್ಡು ಜಾಸ್ತಿ ಬೇಕಿಲ್ಲ, ಪದವಿ ಬೇಕಿಲ್ಲ.

ಜನಾಂಗಭೇದ ಅಂದರೆ ಇಷ್ಟೇ: ಮೈಬಣ್ಣ, ಮುಖದ ಆಕಾರ, ಕೂದಲು, ಎಲ್ಲಿಂದ ಬಂದವರು ಎಂಬುದನ್ನು ನೋಡಿ ಮನುಷ್ಯನಿಗೆ ಬೆಲೆ ಕಟ್ಟುವುದು. ಆ ಬೆಲೆಯ ಮೇಲೆ ಮನೆ, ಕೆಲಸ, ಮದುವೆ, ಮರ್ಯಾದೆ ಕೊಡುವುದು ಅಥವಾ ಕೊಡದಿರುವುದು. "ನಾನು ಯಾರಿಗೂ ಭೇದ ಮಾಡೋದಿಲ್ಲ" ಎಂದು ನಾವೆಲ್ಲ ಹೇಳುತ್ತೇವೆ. ಬಾಗಿಲಲ್ಲಿ ನಿಂತು ಸುಳ್ಳು ಹೇಳುವ ಒಂದು ನಿಮಿಷದ ಹಿಂದೆ ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ಪುಸ್ತಕಕ್ಕಿಂತ ಮೊದಲು ಒಂದು ನೋಟ್‌ಬುಕ್

ನಾವು ನೇರ ಅಮೆರಿಕದಿಂದ ಓದು ಶುರುಮಾಡಿದೆವು. ಅದು ನಮ್ಮ ಮೊದಲ ತಪ್ಪು. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕೊಂದದ್ದನ್ನು ಓದಿದೆವು. ಸಿಟ್ಟು ಬಂತು. ಆದರೆ ಅಷ್ಟೂ ಸಿಟ್ಟು ಅಲ್ಲಿಯವರ ಮೇಲೆ. ನಮ್ಮ ಮೇಲೆ ಒಂದು ಚೂರೂ ಬರಲಿಲ್ಲ. ಮೊದಲ ದಿನ ಸೇರಿದಾಗ ಚಹಾ ಕುಡಿದು, ಬಿಳಿಯರನ್ನು ಬೈದು, ಮನೆಗೆ ಹೋದೆವು.

ಹಾಗಾಗಿ ನೀವು ಹೀಗೆ ಮಾಡಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಎರಡು ವಾರ ಏನೂ ಓದಬೇಡಿ. ಬಣ್ಣ, ಮುಖ, ಮೂಲದ ಬಗ್ಗೆ ನಿಮ್ಮ ಕಿವಿಗೆ ಬಿದ್ದ ಮಾತುಗಳನ್ನು ಹೇಗಿತ್ತೋ ಹಾಗೇ ಬರೆಯಿರಿ. ತಿದ್ದಬೇಡಿ. ಆಡಿದವರ ಹೆಸರು ಬೇಡ, ಎಲ್ಲಿ ಕೇಳಿದಿರಿ ಎಂಬುದು ಸಾಕು. ಎದುರಿಗೆ ಇನ್ನೊಂದು ಸಾಲು ಬಿಡಿ. ಆಗ ನೀವೇನು ಮಾಡಿದಿರಿ ಎಂದು ಅಲ್ಲಿ ಬರೆಯಿರಿ. ನಕ್ಕಿರಾ, ಸುಮ್ಮನಿದ್ದಿರಾ, ಹೂಂ ಅಂದಿರಾ? ನೀವೇ ಆಡಿದ ಮಾತುಗಳನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ.

ನನ್ನ ನೋಟ್‌ಬುಕ್ಕಿನ ಮೊದಲ ವಾರದ ಕೆಲವು ಸಾಲುಗಳು ಇವು.

"ಕೂಸು ಬೆಳ್ಳಗ ಹುಟ್ಟಬೇಕಂದ್ರ ದಿನಾ ಕೇಸರಿ ಹಾಕಿ ಹಾಲು ಕುಡಿ ನೋಡವಾ." ಗದಗಿನಲ್ಲಿ ಒಂದು ಕುಬಸದ (ಸೀಮಂತದ) ಮನೆಯಲ್ಲಿ. ನಾನು ನಕ್ಕೆ.

"ಹುಡುಗಿ ಲಕ್ಷಣ ಅದಾಳ. ಬಣ್ಣ ಒಂದೇ ಸ್ವಲ್ಪ ಕಮ್ಮಿ." ಸಂಬಂಧ ನೋಡಿಬಂದ ಮನೆಯಲ್ಲಿ. ನಾನು ಸುಮ್ಮನಿದ್ದೆ.

"ಬಿಸಿಲಾಗ ಅಡ್ಡಾಡಬ್ಯಾಡ, ಕರ್ರಗಾಗ್ತಿ." ಇದು ಕೆಂಪು ಪೆನ್ನು. ನಾನೇ ಮಗಳಿಗೆ ಹೇಳಿದ್ದು.

"ಚಿಂಕಿ ಹುಡುಗನ ಅಂಗಡ್ಯಾಗ ಮೋಮೋ ಚಲೋ ಇರ್ತಾವ." ಸ್ಟಾಫ್ ರೂಮಿನಲ್ಲಿ. ನಾನು "ಯಾವ ಅಂಗಡಿ?" ಎಂದು ಕೇಳಿದೆ. ಈಶಾನ್ಯದವರ ಮುಖ ನೋಡಿ ಹೀಯಾಳಿಸುವ ಆ ಪದದ ಬಗ್ಗೆ ಏನೂ ಅನ್ನಲಿಲ್ಲ.

ಎರಡು ವಾರಕ್ಕೆ ನಲವತ್ತೊಂದು ಸಾಲುಗಳಾದವು. ಆಡಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಎಲ್ಲರೂ ನಮ್ಮ ಕಾಕುಗಳು, ಮಾಮಿಯರು, ಸಹೋದ್ಯೋಗಿಗಳು. ಪ್ರೀತಿಯಿಂದಲೇ ಆಡಿದ ಮಾತುಗಳೇ ಜಾಸ್ತಿ ಇದ್ದವು. ಬಣ್ಣಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಮೆಟ್ಟಿಲುಗಳಿವೆ ನೋಡಿ: ಕೆಂಪಗೆ, ಗೋಧಿ ಬಣ್ಣ, ಎಣ್ಣೆಗೆಂಪು, ಸಾದಗಪ್ಪು, ಕಪ್ಪು. ಹುಡುಗಿ ಯಾವ ಮೆಟ್ಟಿಲಲ್ಲಿದ್ದಾಳೆ ಎಂದು ನೋಡಿ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಬೆಳ್ಳಗಾಗಿಸುತ್ತೇವೆ ಎನ್ನುವ ಆ ಪ್ರಸಿದ್ಧ ಕ್ರೀಮು ನಮ್ಮ ದೇಶದ ಅಂಗಡಿಗೆ ಬಂದದ್ದು 1975ರಲ್ಲಿ. 2020ರಲ್ಲಿ ಅದರ ಹೆಸರಿನಿಂದ 'ಫೇರ್' ಎಂಬ ಪದ ತೆಗೆದರು. ನಮ್ಮ ಕುಬಸದ ಮನೆಗಳಿಂದ ಆ ಮಾತು ಇನ್ನೂ ಹೋಗಿಲ್ಲ.

ನವಲಗುಂದ, ನರಗುಂದ, ರೋಣದ ಕಡೆ ಎರಿ ಹೊಲ ಇದ್ದವರಿಗೆ ಒಂದು ಹೆಮ್ಮೆ ಇರುತ್ತದೆ. ಕರಿ ಮಣ್ಣು, ನೀರು ಹಿಡಿಯುತ್ತದೆ, ಜೋಳ ಕಡಲೆ ಚೆನ್ನಾಗಿ ಬರುತ್ತದೆ ಎಂದು ಹೇಳಿಕೊಳ್ಳುತ್ತಾರೆ. ಅದೇ ಹೊಲದಲ್ಲಿ ಬಿಸಿಲಿಗೆ ಬೆಂದು ಕಳೆ ಕೀಳುವ ಹೆಣ್ಣುಮಗಳ ಬಣ್ಣ ಮಾತ್ರ ನಮಗೆ ಕೊರತೆಯಾಗಿ ಕಾಣುತ್ತದೆ.

ಒಂದು ಸಂಜೆಯ ವಿಜ್ಞಾನ

ಇದಕ್ಕೆ ಹೆಚ್ಚು ಹೊತ್ತು ಬೇಡ, ಆದರೆ ಬಿಡಬೇಡಿ. ಮನುಷ್ಯರ ಡಿಎನ್‌ಎ ಸುಮಾರು ಶೇಕಡಾ 99.9ರಷ್ಟು ಒಂದೇ. ಮೈಬಣ್ಣ ಬರುವುದು ಮೆಲನಿನ್ ಎಂಬ ವಸ್ತುವಿನಿಂದ. ಬಿಸಿಲು ಜಾಸ್ತಿ ಇರುವ ನಾಡುಗಳಲ್ಲಿ ಸಾವಿರಾರು ವರ್ಷ ಬದುಕಿದವರ ಚರ್ಮದಲ್ಲಿ ಅದು ಜಾಸ್ತಿ, ಬಿಸಿಲು ಕಡಿಮೆ ಇರುವ ಕಡೆ ಕಡಿಮೆ. ಬುದ್ಧಿಗೂ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. 1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು. ಮನುಷ್ಯರ ನಡುವಿನ ತಳಿ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 85ರಷ್ಟು ಒಂದೇ ಸಮುದಾಯದ ಒಳಗೇ ಇರುತ್ತದೆ. ಅಂದರೆ ನನಗೂ ನನ್ನ ಓಣಿಯವರಿಗೂ ನಡುವೆಯೇ ಬಹುಪಾಲು ವ್ಯತ್ಯಾಸ ಇದೆ.

ಇಷ್ಟು ತಿಳಿದರೆ "ಅದು ಅವರ ರಕ್ತದಲ್ಲೇ ಇದೆ" ಎನ್ನುವ ಮಾತು ಬಂದಾಗ ಹೇಳಲು ನಮ್ಮ ಹತ್ತಿರ ಏನಾದರೂ ಇರುತ್ತದೆ.

ಹತ್ತಿರದಿಂದ ಓದಲು ಶುರುಮಾಡಿ

ನಾವು ಮೊದಲು ಓದಿದ್ದು ಕನಕದಾಸರ ರಾಮಧಾನ್ಯಚರಿತೆ. ಕನಕದಾಸರು ಹಾವೇರಿ ಜಿಲ್ಲೆಯ ಬಾಡದವರು. ಚಿಕ್ಕ ಕಾವ್ಯ, ಗದ್ಯಾನುವಾದ ಇಟ್ಟುಕೊಂಡರೆ ಒಂದು ವಾರದಲ್ಲಿ ಮುಗಿಯುತ್ತದೆ. ಅದರಲ್ಲಿ ಅಕ್ಕಿಗೂ ರಾಗಿಗೂ ಜಗಳ. ಯಾರು ಶ್ರೇಷ್ಠ ಎಂದು. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಆರು ತಿಂಗಳ ಮೇಲೆ ನೋಡಿದರೆ ಅಕ್ಕಿ ಕೆಟ್ಟುಹೋಗಿದೆ, ರಾಗಿ ಹಾಗೇ ಇದೆ. ಅಕ್ಕಿ ರಾಗಿಯನ್ನು ಯಾವ ಮಾತುಗಳಲ್ಲಿ ಹೀಯಾಳಿಸುತ್ತದೆ ಎಂಬುದನ್ನು ಗಮನಿಸಿ ಓದಿ. ನಾವು ಅದನ್ನು ನೋಟ್‌ಬುಕ್ ಪಕ್ಕಕ್ಕಿಟ್ಟು ಓದಿದೆವು. ಯಾರು ಉಳ್ಳವರ ಊಟ, ಯಾರು ಬಡವರ ಊಟ ಎಂಬ ಅದೇ ಅಳತೆಗೋಲು. ಐದು ಶತಮಾನ ಕಳೆದರೂ ಮಾತಿನ ಧಾಟಿ ಬದಲಾಗಿಲ್ಲ. ಹಾವೇರಿಯ ಗೆಳತಿ ಆ ದಿನ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಅಕ್ಕನ ಮದುವೆ ಮೂರು ಸಲ ಮುರಿದದ್ದು ಬಣ್ಣಕ್ಕಾಗಿ ಎಂದಳು. ನಮಗೆ ಇಪ್ಪತ್ತು ವರ್ಷದ ಸ್ನೇಹ. ಅದುವರೆಗೆ ಅವಳು ಅದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಎರಡನೆಯದಾಗಿ ಸಿದ್ದಿ ಜನರ ಚರಿತ್ರೆ ಓದಿ. ಇದಕ್ಕೆ ಒಂದು ತಿಂಗಳು ಕೊಡಿ. ಧಾರವಾಡದಿಂದ ಹಳಿಯಾಳ ಎಷ್ಟು ದೂರ? ಬಸ್ಸು ಹತ್ತಿದರೆ ಒಂದು ಗಂಟೆ ಚಿಲ್ಲರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ, ನಮ್ಮ ಕಲಘಟಗಿ ಕಡೆಗೂ ಸಿದ್ದಿಗಳಿದ್ದಾರೆ. ಇವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡಿಗೆ ಬಂದು ನೆಲೆಯಾದರು. ಗುಲಾಮಗಿರಿ ಎಂದರೆ ಅಟ್ಲಾಂಟಿಕ್ ಸಾಗರದ ಆಚೆಯ ಕತೆ ಎಂದು ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೆ. ಅದರ ಒಂದು ಕೊನೆ ನಮ್ಮ ಬಸ್ ಸ್ಟ್ಯಾಂಡಿನಲ್ಲೇ ಇತ್ತು.

ಇನ್ನೊಂದು ಮುಖವನ್ನೂ ಓದಿ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ. ಮೊಘಲರನ್ನು ವರ್ಷಗಟ್ಟಲೆ ತಡೆದ. 1626ರಲ್ಲಿ ತೀರಿಕೊಂಡ. ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ, ಅಂದರೆ ಆಫ್ರಿಕಾ ಮೂಲದ, ಸರದಾರ ದೊಡ್ಡ ಅಧಿಕಾರದಲ್ಲಿದ್ದ. ಗೋಳಗುಮ್ಮಟ ನೋಡಲು ಶಾಲೆಯ ಪ್ರವಾಸ ಹೋಗುತ್ತೇವಲ್ಲ, ಇವರ ಹೆಸರನ್ನು ನಾವು ಮಕ್ಕಳಿಗೆ ಹೇಳಿದ್ದೇವಾ?

ಈಗಿನ ಕಾಲಕ್ಕೆ ಬನ್ನಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು 2020ರ ತಿದ್ದುಪಡಿ ಕಾಯ್ದೆ ಬರುವವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ರಾಜ್ಯದ ಶಾಸನಸಭೆಗೆ ಬಂದ ಮೊದಲ ಸಿದ್ದಿ ಅವರು. ಸಿದ್ದಿ ಹೆಂಗಸರು ಹಳೆ ಬಟ್ಟೆ ಜೋಡಿಸಿ ಹೊಲಿಯುವ ಕವಂದಿಗೂ ನಮ್ಮ ಮನೆಯ ಕೌದಿಗೂ ಎಷ್ಟು ಹತ್ತಿರ! ಹೆಸರೂ ಹತ್ತಿರ, ಕೈಕೆಲಸವೂ ಹತ್ತಿರ.

ಇಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಒಳ್ಳೆಯ ಮಾತು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಟ್ಟಿತು. ಆಫ್ರಿಕಾ ಮೂಲದವರು, ಹುಟ್ಟಿನಿಂದಲೇ ಓಡುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಕೆಲವು ಮಕ್ಕಳು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಮೈಕಟ್ಟನ್ನು ಹೊಗಳುವುದು ಕೂಡ ಬೆಲೆ ಕಟ್ಟುವುದೇ. ಆ ಹುಡುಗ ಲೆಕ್ಕದಲ್ಲಿ ಜಾಣ ಇದ್ದರೆ? ಅವನಿಗೆ ಓಡಲು ಮನಸ್ಸೇ ಇಲ್ಲದಿದ್ದರೆ? ಸಿದ್ದಿ ವಿದ್ಯಾರ್ಥಿಯೊಬ್ಬಳಿಗೆ ನಾನೇ ಒಮ್ಮೆ "ಎಷ್ಟು ಚೆಂದ ಕನ್ನಡ ಮಾತಾಡ್ತೀಯಲ್ಲ!" ಎಂದಿದ್ದೆ. ಅವಳ ಮುತ್ತಜ್ಜಿಯ ಕಾಲದಿಂದ ಇಲ್ಲೇ ಇದ್ದವರು. ಅವಳು ಮತ್ಯಾವ ಭಾಷೆ ಆಡಬೇಕಿತ್ತು? ಅದೂ ಕೆಂಪು ಪೆನ್ನಿನಲ್ಲಿ ಸೇರಿತು.

ಮೂರನೆಯದಾಗಿ ಪತ್ರಿಕೆಯ ಹಳೆಯ ಸುದ್ದಿ ಹುಡುಕಿ ಓದಿ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಬೆಂಗಳೂರಿನಿಂದ ಸಾವಿರಾರು ಈಶಾನ್ಯದವರು ಗುವಾಹಟಿಯ ರೈಲು ಹತ್ತಿದರು. 2014ರ ಜನವರಿಯಲ್ಲಿ ದೆಹಲಿಯ ಅಂಗಡಿಯೊಂದರ ಮುಂದೆ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲು ನೋಡಿ ಗೇಲಿ ಮಾಡಿದರು. ಜಗಳವಾಯಿತು, ಹೊಡೆದರು, ಹುಡುಗ ಸತ್ತ. ಆಮೇಲೆ ಈಶಾನ್ಯದವರ ತೊಂದರೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಬೇಜ್‌ಬರುವಾ ಸಮಿತಿ ಮಾಡಿತು. 2016ರ ಜನವರಿ ಕೊನೆಗೆ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ವಿದ್ಯಾರ್ಥಿಯ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈ ಮಾಡಿತು. ಅವಳಿಗೂ ಆ ಕಾರಿಗೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ ಇತ್ತು, ಅಷ್ಟೇ. "ನಮ್ಮ ಕರ್ನಾಟಕದಾಗ ಹಂಗೇನಿಲ್ಲ ಬಿಡ್ರಿ" ಎನ್ನುವವರ ಮುಂದೆ ನಾನು ಈ ಸುದ್ದಿಯನ್ನೇ ಹೇಳುತ್ತೇನೆ.

ಆಮೇಲೆ ದೂರದ್ದು

ಈಗ ಅಮೆರಿಕಕ್ಕೆ ಹೋಗಬಹುದು. ಮೊದಲು ಫ್ರೆಡರಿಕ್ ಡಗ್ಲಸ್. ಮೇರಿಲ್ಯಾಂಡ್‌ನಲ್ಲಿ ಗುಲಾಮನಾಗಿ ಹುಟ್ಟಿದವರು. ಯಜಮಾನನ ಹೆಂಡತಿ ಅಕ್ಷರ ಕಲಿಸಲು ಶುರುಮಾಡಿದಳು. ಯಜಮಾನ ನಿಲ್ಲಿಸಿದ. ಓದು ಕಲಿತರೆ ಗುಲಾಮ ಗುಲಾಮನಾಗಿ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಾಲಕ ಡಗ್ಲಸ್ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ಡು ಕೊಟ್ಟು ಅವರಿಂದ ಓದು ಕಲಿತರು. 1838ರಲ್ಲಿ ತಪ್ಪಿಸಿಕೊಂಡರು, 1845ರಲ್ಲಿ ಆತ್ಮಕತೆ ಬರೆದರು. ಪುಸ್ತಕ ಚಿಕ್ಕದು, ಇಂಗ್ಲಿಷ್ ಅಷ್ಟು ಕಷ್ಟವಿಲ್ಲ. ನಾವು ಒಬ್ಬರು ಓದಿ, ಉಳಿದವರಿಗೆ ಕನ್ನಡದಲ್ಲಿ ಹೇಳುತ್ತ ಮುಗಿಸಿದೆವು. ಆಮೇಲೆ ಟೋನಿ ಮಾರಿಸನ್ 1970ರಲ್ಲಿ ಬರೆದ ಮೊದಲ ಕಾದಂಬರಿ, ದಿ ಬ್ಲೂಯೆಸ್ಟ್ ಐ. ಪೆಕೋಲಾ ಎಂಬ ಕಪ್ಪು ಹುಡುಗಿ ತನಗೆ ನೀಲಿ ಕಣ್ಣು ಬರಲಿ ಎಂದು ಬೇಡಿಕೊಳ್ಳುವ ಕತೆ. ಓದಲು ಕಷ್ಟ, ಸಂಕಟದ ಪುಸ್ತಕ. ಕೇಸರಿ ಹಾಲಿನ ಸಾಲು ಬರೆದುಕೊಂಡ ಮೇಲೆ ಓದಿದರೆ ಪೆಕೋಲಾ ನಮ್ಮ ಓಣಿಯವಳೇ ಅನ್ನಿಸುತ್ತಾಳೆ.

ನಡುವೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನಮ್ಮಲ್ಲೂ ಬಂತು. "ಇಲ್ಲಿ ಜಾತಿ ಇರುವಾಗ ಜನಾಂಗದ ಮಾತು ಯಾಕೆ?" ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಹಾರಿಸಿದರೆ ಉಳಿದ ಓದೆಲ್ಲ ವ್ಯರ್ಥ ಎಂದು ನನಗನ್ನಿಸುತ್ತದೆ.

ಅಂಬೇಡ್ಕರ್ ಅವರ ಜಾತಿ ವಿನಾಶ ಓದಿ. 1936ರಲ್ಲಿ ಲಾಹೋರಿನ ಒಂದು ಸಂಘ ಭಾಷಣಕ್ಕೆ ಕರೆದು, ಬರಹ ನೋಡಿದ ಮೇಲೆ ಸಮ್ಮೇಳನವನ್ನೇ ರದ್ದು ಮಾಡಿತು. ಅಂಬೇಡ್ಕರ್ ತಮ್ಮ ಖರ್ಚಿನಲ್ಲೇ ಅದನ್ನು ಅಚ್ಚು ಹಾಕಿಸಿದರು. ಜಾತಿ ಜನಾಂಗದ ವಿಭಜನೆ ಅಲ್ಲ ಎಂದು ಅವರು ಅಲ್ಲಿ ಬಿಡಿಸಿ ಹೇಳುತ್ತಾರೆ. ಒಂದೇ ನಾಡಿನ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಮೂಲದವರು ಎನ್ನುತ್ತಾರೆ. ಹಾಗಾಗಿ ಎರಡನ್ನೂ ಒಂದೇ ಎನ್ನುವುದು ತಪ್ಪು. ಆದರೆ ಎರಡನ್ನೂ ಅನುಭವಿಸಿದವರು ಒಬ್ಬರನ್ನೊಬ್ಬರು ಬಹಳ ಹಿಂದೆಯೇ ಗುರುತು ಹಿಡಿದಿದ್ದರು. ಜ್ಯೋತಿಬಾ ಫುಲೆ 1873ರಲ್ಲಿ ಗುಲಾಮಗಿರಿ ಪುಸ್ತಕ ಬರೆದಾಗ, ಕಪ್ಪು ಗುಲಾಮರನ್ನು ಬಿಡಿಸಲು ಹೋರಾಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. 1946ರಲ್ಲಿ ಅಂಬೇಡ್ಕರ್ ಕಪ್ಪು ಜನರ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಎಂದು ಕೇಳಿದರು. ಡು ಬೋಯಿಸ್ ಉತ್ತರ ಬರೆದರು. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಮ್ಮ ದೇಶಕ್ಕೆ ಬಂದಿದ್ದರು. ಕೇರಳದ ಒಂದು ಶಾಲೆಯಲ್ಲಿ ದಲಿತ ಮಕ್ಕಳೆದುರು ಅವರನ್ನು ಅಮೆರಿಕದ ಅಸ್ಪೃಶ್ಯರೊಬ್ಬರು ಎಂದು ಪರಿಚಯಿಸಿದರಂತೆ. ಮೊದಲು ಅವರಿಗೆ ಚುರುಕ್ಕೆಂದಿತು. ಆಮೇಲೆ ಯೋಚಿಸಿ, ಹೌದು, ನಾನು ಅಸ್ಪೃಶ್ಯನೇ ಎಂದುಕೊಂಡರು. 1965ರ ಒಂದು ಪ್ರವಚನದಲ್ಲಿ ಅವರೇ ಇದನ್ನು ನೆನಪಿಸಿಕೊಂಡಿದ್ದಾರೆ.

ಇವುಗಳ ಜೊತೆಗೆ ಅರವಿಂದ ಮಾಲಗತ್ತಿಯವರ ಗೌರ್ಮೆಂಟ್ ಬ್ರಾಹ್ಮಣ ಓದಿ. ನಮ್ಮ ಉತ್ತರ ಕರ್ನಾಟಕದ ಊರಿನ ಬಾಲ್ಯ ಅದು. ಅಲ್ಲಿಯ ಬಾವಿ, ಶಾಲೆ, ಚಹಾದಂಗಡಿ ನಮಗೆ ಗೊತ್ತಿರುವಂಥವೇ. ಜಾತಿಯನ್ನು ಮುಟ್ಟದೆ ಜನಾಂಗಭೇದ ಮಾತ್ರ ಓದುತ್ತೇನೆ ಎನ್ನುವ ಮೇಲ್ಜಾತಿಯವರಿಗೆ, ನಾನೂ ಆ ಪೈಕಿಯವಳೇ, ಒಂದು ಮಾತು ಹೇಳಬೇಕು. ದೂರದ ಪಾಪಕ್ಕೆ ಅಳುವುದು ಸುಲಭ. ಅಡುಗೆಮನೆಯಲ್ಲಿ ಕೆಲಸದವರಿಗೆ ಬೇರೆ ಲೋಟ ಇಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ.

ಗಾಂಧೀಜಿಯವರ ದಕ್ಷಿಣ ಆಫ್ರಿಕಾದ ದಿನಗಳನ್ನೂ ಪೂರ್ತಿ ಓದಿ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಅವರನ್ನು ರೈಲಿನಿಂದ ಇಳಿಸಿದ್ದು ಎಲ್ಲರಿಗೂ ಗೊತ್ತು. ಅದೇ ಗಾಂಧೀಜಿ ಅಲ್ಲಿಯ ಮೊದಲ ವರ್ಷಗಳಲ್ಲಿ ಆಫ್ರಿಕನ್ನರನ್ನು ಕೀಳಾಗಿ ಬರೆದದ್ದು ಕಡಿಮೆ ಜನಕ್ಕೆ ಗೊತ್ತು. ಮುಂದೆ ಅವರ ನಿಲುವು ಬದಲಾಯಿತು. ಆದರೂ 2018ರಲ್ಲಿ ಘಾನಾ ವಿಶ್ವವಿದ್ಯಾಲಯದ ಆವರಣದಿಂದ ಅವರ ಪ್ರತಿಮೆ ತೆಗೆದರು. ಇದನ್ನು ಓದಿದಾಗ ನಮ್ಮಲ್ಲಿ ಜಗಳವಾಯಿತು. ಒಬ್ಬಳು ಎದ್ದು ಹೋದಳು, ಮುಂದಿನ ತಿಂಗಳು ಬಂದಳು. ತಾನು ಅನ್ಯಾಯ ಉಂಡವನಿಗೂ ಇನ್ನೊಬ್ಬರ ಮೇಲೆ ತಪ್ಪು ಭಾವನೆ ಇರಬಹುದು, ಅದು ಬದಲಾಗಲೂಬಹುದು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಲು ನಮಗೆ ಎರಡು ಸಭೆ ಬೇಕಾದವು.

ಪುಸ್ತಕ ಎಲ್ಲಿ ಸಿಗುತ್ತವೆ? ಧಾರವಾಡದ ಸುಭಾಸ ರಸ್ತೆಯ ಪುಸ್ತಕದಂಗಡಿಗಳಲ್ಲಿ ಕೇಳಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ನೋಡಿ. ಅಂಬೇಡ್ಕರ್ ಅವರ ಬರಹ ಭಾಷಣಗಳನ್ನು ಸರ್ಕಾರವೇ ಕನ್ನಡದಲ್ಲಿ ಸಂಪುಟಗಳಾಗಿ ತಂದಿದೆ.

ಓದುವ ಬಗೆ

ಬೇಗ ಬೇಗ ಓದಬೇಡಿ. ಒಂದು ಕೂರಿಕೆಗೆ ಇಪ್ಪತ್ತು ಪುಟ ಸಾಕು. ಮುಗಿದ ಮೇಲೆ ನೋಟ್‌ಬುಕ್ ತೆರೆದು ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಈ ಪುಟಗಳಲ್ಲಿ ನಾನು ಯಾರ ಜೊತೆ ನಿಂತು ಓದಿದೆ? ನನ್ನ ಮನೆ, ಓಣಿ, ಶಾಲೆಯಲ್ಲಿ ನಾನು ನಿಜಕ್ಕೂ ಯಾರ ಜಾಗದಲ್ಲಿದ್ದೇನೆ? ಡಗ್ಲಸ್ ಓದುವಾಗ ನಾನು ಡಗ್ಲಸ್ ಜೊತೆಗೇ ಇದ್ದೆ. ಎರಡನೆಯ ಪ್ರಶ್ನೆ ಕೇಳಿಕೊಂಡಾಗ ಬಾಗಿಲಲ್ಲಿ ನಿಂತ ಮನೆಯೊಡತಿ ಕಂಡಳು.

ಆಗ ನಾಚಿಕೆ ಆಗುತ್ತದೆ. ಆಗಲಿ. ಆದರೆ ಅದನ್ನು ಎದುರಿನವರ ಮುಂದೆ ಹರಡಬೇಡಿ. ನಮ್ಮಲ್ಲಿ ಒಬ್ಬಳು ತನ್ನ ಆಫೀಸಿನ ಮಿಜೋರಾಂ ಸಹೋದ್ಯೋಗಿಯ ಹತ್ತಿರ ಹೋಗಿ, ಎಲ್ಲರ ಪರವಾಗಿ ಕ್ಷಮೆ ಕೇಳುತ್ತೇನೆ ಎಂದು ಅತ್ತಳು. ಆ ಹುಡುಗಿಯೇ ಇವಳಿಗೆ ನೀರು ಕೊಟ್ಟು ಸಮಾಧಾನ ಮಾಡಬೇಕಾಯಿತು. ಊಟದ ಬಿಡುವಿನ ಅರ್ಧ ಗಂಟೆ ಅದರಲ್ಲೇ ಹೋಯಿತು. ನಾಚಿಕೆ ನೋಟ್‌ಬುಕ್ಕಿಗೆ ಬರಲಿ, ಓದುವ ಗೆಳತಿಯರ ಹತ್ತಿರ ಬರಲಿ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಸಿದ್ದಿ, ಟಿಬೇಟಿಯನ್, ಈಶಾನ್ಯದ ಪರಿಚಯದವರನ್ನು ಹಿಡಿದು "ನಿಮಗೆ ಏನೇನು ಅವಮಾನ ಆಗಿದೆ ಹೇಳಿ" ಎಂದು ಕೇಳಬೇಡಿ. ಚಳಿಗಾಲದಲ್ಲಿ ಸ್ವೆಟರ್ ಮಾರುವ ಟಿಬೇಟಿಯನ್ ಅಕ್ಕ ಸ್ವೆಟರ್ ಮಾರಲು ಕೂತಿದ್ದಾರೆ. ಅವರು 1966ರಿಂದ ಮುಂಡಗೋಡದಲ್ಲಿ ನೆಲೆಯಾದ ಜನ, ಹುಬ್ಬಳ್ಳಿಗೆ ನೆರೆಯವರು. ಅವರಾಗಿಯೇ ಹೇಳಿದರೆ ಕೇಳಿ. ನಡುವೆ "ಅವರ ಮನಸ್ಸಿನಲ್ಲಿ ಹಾಗಿರಲಿಕ್ಕಿಲ್ಲ" ಎಂದು ಬಾಯಿ ಹಾಕಬೇಡಿ. ನಾವು ಬೇಗ ಆಡುವ ಮಾತು ಅದೇ, ಅಲ್ವಾ?

ಮಾತಿಗೆ ಇಳಿಸುವುದು

ಮೂರು ತಿಂಗಳ ಓದಿನ ಮೇಲೆ ನೋಟ್‌ಬುಕ್ಕಿನ ಮೊದಲ ಪುಟಗಳಿಗೆ ಮರಳಿ. ಪ್ರತಿ ಸಾಲಿನ ಪಕ್ಕದಲ್ಲಿ ಈಗ ಆ ಮಾತು ಬಂದರೆ ಏನು ಹೇಳುತ್ತೀರಿ ಎಂದು ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ ರೂಢಿ ಮಾಡಿ. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಆ ಹೊತ್ತಿಗೆ ನಾಲಿಗೆ ಏಳುವುದಿಲ್ಲ. ಮೊದಲೇ ಸಿದ್ಧವಿದ್ದ ಮಾತಾದರೆ ಬರುತ್ತದೆ.

ಹಿರಿಯರ ಮುಂದೆ ಭಾಷಣ ಮಾಡಬೇಡಿ. ಕುಬಸದ ಮನೆಯಲ್ಲಿ ನಾನು ಈಗ ಇಷ್ಟೇ ಹೇಳುತ್ತೇನೆ: "ಕಾಕು, ಕೂಸು ಗಟ್ಟಿಮುಟ್ಟಾಗಿ ಹುಟ್ಟಲಿ. ಬಣ್ಣದ್ದು ಯಾಕ ಬೇಕ್ರಿ?" ಸಂಬಂಧ ನೋಡುವಲ್ಲಿ "ಬಣ್ಣ ಬಿಟ್ಟು ಮಾತಾಡೋಣ್ರಿ" ಎನ್ನುತ್ತೇನೆ. ಸ್ಟಾಫ್ ರೂಮಿನಲ್ಲಿ ಆ ಪದ ಮತ್ತೆ ಬಂದಾಗ "ಆ ಹುಡುಗನಿಗೆ ಹೆಸರು ಐತ್ರಿ" ಎಂದು ಅವನ ಹೆಸರು ಹೇಳಿದೆ. ಅದಕ್ಕಾಗಿ ಮೊದಲು ಅಂಗಡಿಗೆ ಹೋಗಿ ಹೆಸರು ಕೇಳಿ ತಿಳಿದುಕೊಂಡಿದ್ದೆ. ಒಂದು ನಿಮಿಷ ಎಲ್ಲರೂ ಸುಮ್ಮನಾದರು. ಆಮೇಲೆ ಮಾತು ಬೇರೆ ಕಡೆ ಹೋಯಿತು. ಆ ಪದ ನನ್ನ ಎದುರಿಗೆ ಮತ್ತೆ ಬಂದಿಲ್ಲ. ನನ್ನ ಬೆನ್ನ ಹಿಂದೆ ಬರುತ್ತಿರಬಹುದು.

ಬೈಗುಳ, ಹೊಡೆತ, ಅಡ್ಡಗಟ್ಟುವುದು ಕಂಡರೆ ಬರೀ ಮಾತು ಸಾಲದು. ಬೈಸಿಕೊಂಡವರ ಪಕ್ಕ ಹೋಗಿ ನಿಲ್ಲಿ, ಅವರ ಜೊತೆ ಮಾತಾಡಿ, ಅಲ್ಲಿಂದ ಕರೆದುಕೊಂಡು ಬನ್ನಿ. 112ಕ್ಕೆ ಫೋನ್ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರೆದುರು ಜಾತಿ ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ದೂರು ಕೊಡಬೇಕೋ ಬೇಡವೋ ಎಂಬುದು ಅವರ ತೀರ್ಮಾನ. ಕೊಡುತ್ತೇನೆ ಎಂದರೆ ಸಾಕ್ಷಿ ಹೇಳಲು ನಿಮ್ಮ ಫೋನ್ ನಂಬರ್ ಕೊಡಿ.

ನೀವೇ ತಪ್ಪಿ ಆಡಿದರೆ? ಆಡುತ್ತೀರಿ. ನಾನೂ ಆಡುತ್ತೇನೆ. "ತಪ್ಪಾಯ್ತು, ಹಾಗೆ ಅನ್ನಬಾರದಿತ್ತು" ಎನ್ನಿ. ಕಾರಣ ಹೇಳಬೇಡಿ. ಅವರು ಸಿಟ್ಟಾದರೆ ಆಗಲಿ, ಅದು ಅವರ ಹಕ್ಕು.

ಕೊನೆಗೆ ನಿಮ್ಮ ಕೈಯಲ್ಲಿ ಯಾವ ಬಾಗಿಲಿದೆ ಎಂದು ನೋಡಿ. ಅಂಗಡಿ ಇದ್ದರೆ ಕೆಲಸಕ್ಕೆ ಯಾರನ್ನು ಇಟ್ಟುಕೊಳ್ಳುತ್ತೀರಿ? ಶಾಲೆಯಲ್ಲಿದ್ದರೆ ನಾಟಕದಲ್ಲಿ ರಾಜಕುಮಾರಿಯ ಪಾತ್ರ ಯಾರಿಗೆ, ರಾಕ್ಷಸಿಯ ಪಾತ್ರ ಯಾರಿಗೆ? ನನ್ನ ಕೈಯಲ್ಲಿದ್ದದ್ದು ಮಹಡಿಯ ರೂಮು. ಈಗ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇನೆ. ಯಾರೇ ಬರಲಿ, ಅದನ್ನೇ ಓದಿ ಹೇಳುತ್ತೇನೆ. ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು, ನಲ್ಲಿ ನೀರು ಇಷ್ಟು ದಿನಕ್ಕೊಮ್ಮೆ, ರಾತ್ರಿ ಗೇಟು ಹಾಕುವುದು ಇಷ್ಟು ಗಂಟೆಗೆ. ಮೊದಲು ಬಂದವರಿಗೆ ಮೊದಲು. ಯಾವ ಊರು, ಯಾವ ಮಂದಿ, ಏನು ತಿನ್ನುತ್ತೀರಿ ಎಂಬ ಪ್ರಶ್ನೆಗಳು ಆ ಹಾಳೆಯಲ್ಲಿಲ್ಲ. ಮನೆಯಲ್ಲಿ ಇದಕ್ಕೆ ಎಲ್ಲರೂ ಒಪ್ಪಲು ಐದು ತಿಂಗಳು ಹಿಡಿಯಿತು. ಅತ್ತೆಯವರು ಊಟದ ವಿಷಯಕ್ಕೆ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಹಾಳೆ ಹರಿದಿಲ್ಲ. ರೂಮು ತುಂಬಿದ ದಿನವೇ ಬೋರ್ಡು ಇಳಿಸುವ ಕೆಲಸ ಮಗಳದು.

ಆ ಇಬ್ಬರು ಹುಡುಗಿಯರು ಮುಂದೆ ಎಲ್ಲಿ ಉಳಿದರು ಎಂದು ನಾನು ಓಣಿಯಲ್ಲೆಲ್ಲ ವಿಚಾರಿಸಿದೆ. ಅಷ್ಟರಲ್ಲಿ ಅವರ ಪರೀಕ್ಷೆ ಮುಗಿದು ಊರಿಗೆ ಹೋಗಿಯಾಗಿತ್ತು.